ಲಿನಕ್ಸ್ ಗಣಕದ ಸಂವೇದಕಗಳು: ನಂಬಲಾಗದ ಅಳತೆಗಳು ಮತ್ತು ದೋಷಪತ್ತೆ

ಗಣಕದ ಮದರ್‌ಬೋರ್ಡ್, ಪ್ರೊಸೆಸರ್, ಡಿಸ್ಕ್, ಗ್ರಾಫಿಕ್ಸ್ ಕಾರ್ಡ್ ಇವುಗಳಲ್ಲೆಲ್ಲ ಉಷ್ಣತೆ, ವೋಲ್ಟೇಜು, ಫ್ಯಾನಿನ ವೇಗ, ವಿದ್ಯುತ್ ಬಳಕೆಗಳನ್ನು ಅಳೆಯುವ ಸಂವೇದಕಗಳಿವೆ. ಲಿನಕ್ಸ್‌ನಲ್ಲಿ ಈ ಅಳತೆಗಳನ್ನು ತೋರಿಸುವ ಸಾಮಾನ್ಯ ಆಜ್ಞೆ ‘ಸೆನ್ಸರ್ಸ್’. ಅದನ್ನು ಮೊದಲ ಸಲ ಓಡಿಸಿದವರು ಎಷ್ಟೋ ವೇಳೆ ಬೆಚ್ಚಿಬೀಳುತ್ತಾರೆ: ಒಂದು ಸಾಲಿನಲ್ಲಿ 127 ಡಿಗ್ರಿ, ಮುಂದಿನದರಲ್ಲಿ ಮೈನಸ್ 62 ಡಿಗ್ರಿ, 12 ವೋಲ್ಟ್ ಇರಬೇಕಾದ ಕಡೆ 3.16 ವೋಲ್ಟ್, ಕಣ್ಣೆದುರೇ ತಿರುಗುತ್ತಿರುವ ಫ್ಯಾನಿನ ವೇಗ ಸೊನ್ನೆ, ಪಕ್ಕದಲ್ಲಿ ಕೆಂಪಕ್ಷರದ ಅಲಾರಂ. ಗಣಕ ಮಾತ್ರ ತನ್ನ ಪಾಡಿಗೆ ಚೆನ್ನಾಗಿಯೇ ನಡೆಯುತ್ತಿರುತ್ತದೆ. ಇಂಥ ಸಂದರ್ಭಗಳಲ್ಲಿ ಸಂವೇದಕವೇ ಕೆಟ್ಟಿರುವುದು ಅಪರೂಪ. ಅದು ಕೊಟ್ಟ ಸಂಖ್ಯೆಗೆ ಅರ್ಥ ಹಚ್ಚುವ ದಾರಿಯಲ್ಲಿ ಎಲ್ಲೋ ಒಂದು ತಪ್ಪು ಊಹೆ ಸೇರಿಕೊಂಡಿರುತ್ತದೆ. ಆ ಊಹೆ ಸೇರಿದ್ದು ಚಿಪ್ಪಿನಲ್ಲೋ, ಡ್ರೈವರಿನಲ್ಲೋ, ಸಂರಚನೆಯ ಫೈಲಿನಲ್ಲೋ ಎಂದು ಕಂಡುಹಿಡಿಯುವುದೇ ದೋಷಪತ್ತೆಯ ಕೆಲಸ.

ಹಿನ್ನೆಲೆ

1990ರ ದಶಕದಲ್ಲಿ ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿಯ ಎಲ್‌ಎಂ75, ಎಲ್‌ಎಂ78 ಚಿಪ್‌ಗಳು ಪಿಸಿಯ ಮದರ್‌ಬೋರ್ಡಿಗೆ ಬಂದವು. ಎಲ್‌ಎಂ75 ಬರಿಯ ಉಷ್ಣತೆಯನ್ನು ಅರ್ಧ ಡಿಗ್ರಿಯ ಹೆಜ್ಜೆಗಳಲ್ಲಿ ಅಳೆಯುತ್ತಿತ್ತು. ಎಲ್‌ಎಂ78 ಒಂದೇ ಚಿಪ್ಪಿನಲ್ಲಿ 7 ವೋಲ್ಟೇಜು, 3 ಫ್ಯಾನು, 1 ಉಷ್ಣತೆಯನ್ನು ನೋಡಿಕೊಳ್ಳುತ್ತಿತ್ತು. ಇವನ್ನು ಲಿನಕ್ಸ್‌ನಿಂದ ಓದುವುದಕ್ಕಾಗಿ 1998ರ ಸುಮಾರಿಗೆ ಫ್ರೋಡೊ ಲೂಯಾರ್ಡ್, ಫಿಲಿಪ್ ಎಡೆಲ್‌ಬ್ರಾಕ್ ಮೊದಲಾದವರು ಎಲ್‌ಎಂ-ಸೆನ್ಸರ್ಸ್ ಯೋಜನೆಯನ್ನು ಕಟ್ಟಿದರು. ಮುಂದೆ ಅದನ್ನು ಬಹುಕಾಲ ನಡೆಸಿಕೊಂಡು ಬಂದವರು ಜಾನ್ ಡೆಲ್ವಾರ್. ಡ್ರೈವರ್‌ಗಳು 2005ರಲ್ಲಿ ಕರ್ನಲಿನೊಳಗೆ ಎಚ್‌ಡಬ್ಲ್ಯೂಮಾನ್ ಎಂಬ ಪ್ರತ್ಯೇಕ ವಿಭಾಗವಾದವು. ಅದರ ಹೊಣೆ ಈಚಿನ ವರ್ಷಗಳಲ್ಲಿ ಗುಂಟರ್ ರೋಕ್ ಅವರ ಮೇಲಿದೆ.

ಬಿಡಿ ಚಿಪ್‌ಗಳ ಕಾಲ ಬೇಗ ಮುಗಿಯಿತು. ಕೀಬೋರ್ಡು, ಸೀರಿಯಲ್ ಪೋರ್ಟುಗಳನ್ನು ನಿಭಾಯಿಸುವ ಸೂಪರ್ ಐಒ ಚಿಪ್ಪಿನೊಳಕ್ಕೇ ಅಳತೆಯ ಕೆಲಸವೂ ಸೇರಿತು. ಡೆಸ್ಕ್‌ಟಾಪ್ ಬೋರ್ಡುಗಳಲ್ಲಿ ಇಂದು ಕಾಣುವುದು ಹೆಚ್ಚಾಗಿ ತೈವಾನಿನ ನುವೋಟಾನ್ (ಮೊದಲು ವಿನ್‌ಬಾಂಡ್ ಕಂಪನಿಯ ಒಂದು ಭಾಗ, 2008ರಲ್ಲಿ ಬೇರೆಯಾಯಿತು) ಅಥವಾ ಐಟಿಇ ಕಂಪನಿಯ ಚಿಪ್ಪು. ಹಳೆಯ ಚಿಪ್‌ಗಳ ತಾಂತ್ರಿಕ ವಿವರ ಯಾರಿಗೂ ಸಿಗುತ್ತಿತ್ತು. ಹೊಸ ಚಿಪ್‌ಗಳ ಅನೇಕ ದಾಖಲೆಗಳು ಬಹಿರಂಗವಾಗಿ ದೊರೆಯುವುದಿಲ್ಲ. ಇದರ ಜೊತೆಗೆ ಒಂದೇ ಚಿಪ್ಪನ್ನು ಪ್ರತಿಯೊಂದು ಬೋರ್ಡ್ ತಯಾರಕರೂ ತಮಗೆ ತೋಚಿದಂತೆ ವೈರಿಂಗ್ ಮಾಡುತ್ತಾರೆ. ಚಿಪ್ಪಿನ ಯಾವ ಕಾಲಿಗೆ (ಪಿನ್ನಿಗೆ) ಯಾವ ಲೈನು ಜೋಡಿಸಿದೆ ಎಂಬ ನಕ್ಷೆ ಕಂಪನಿಯ ಗುಟ್ಟು. ಈ ಲೇಖನದಲ್ಲಿ ಬರುವ ಅರ್ಧ ಸಮಸ್ಯೆಗಳಿಗೆ ಮೂಲ ಈ ಗುಟ್ಟೇ.

ಸಂಖ್ಯೆ ಬರುವ ದಾರಿ

ಚಿಪ್ಪಿನ ರಿಜಿಸ್ಟರಿನಲ್ಲಿರುವ ಕಚ್ಚಾ ಸಂಖ್ಯೆಯನ್ನು ಡ್ರೈವರ್ ಓದಿ ಸಿಸ್‌ಎಫ್‌ಎಸ್ ಮರದ ಎಚ್‌ಡಬ್ಲ್ಯೂಮಾನ್ ಫೋಲ್ಡರಿನಲ್ಲಿ ಸಣ್ಣ ಸಣ್ಣ ಫೈಲುಗಳಾಗಿ ತೆರೆದಿಡುತ್ತದೆ. ಉಷ್ಣತೆ ಡಿಗ್ರಿಯ ಸಾವಿರದ ಒಂದು ಭಾಗದಲ್ಲಿ, ವೋಲ್ಟೇಜು ಮಿಲಿವೋಲ್ಟ್‌ನಲ್ಲಿ, ವಿದ್ಯುತ್ ಬಳಕೆ ಮೈಕ್ರೋವ್ಯಾಟ್‌ನಲ್ಲಿ ಇರುತ್ತದೆ. ಫೈಲಿನಲ್ಲಿ 45000 ಎಂದಿದ್ದರೆ ಅದು 45 ಡಿಗ್ರಿ. ಸ್ವಂತ ಸ್ಕ್ರಿಪ್ಟ್ ಬರೆಯುವವರು ಸಾವಿರದಿಂದ ಭಾಗಿಸಲು ಮರೆತು ಗಾಬರಿಯಾಗುವುದುಂಟು. ಈ ಫೈಲುಗಳನ್ನು ಲಿಬ್‌ಸೆನ್ಸರ್ಸ್ ಎಂಬ ಲೈಬ್ರರಿ ಓದಿ, ಸಂರಚನೆಯ ಫೈಲಿನಲ್ಲಿರುವ ಸೂತ್ರ ಹಾಕಿ, ಹೆಸರು ಅಂಟಿಸಿ ಪರದೆಗೆ ಕಳಿಸುತ್ತದೆ.

ಕರ್ನಲಿನ ನಿಯಮವೊಂದನ್ನು ಇಲ್ಲಿ ನೆನಪಿಡಬೇಕು. ಡ್ರೈವರ್ ಕೊಡಬೇಕಾದದ್ದು ಚಿಪ್ಪಿನ ಕಾಲಿನ ಮೇಲಿರುವ ವೋಲ್ಟೇಜನ್ನು ಮಾತ್ರ. ಬೋರ್ಡಿನಿಂದ ಬೋರ್ಡಿಗೆ ಬದಲಾಗುವ ಲೆಕ್ಕವೆಲ್ಲ ಬಳಕೆದಾರನ ಸಂರಚನೆಯ ಫೈಲಿಗೆ ಸೇರಿದ್ದು. ಆದ್ದರಿಂದ ‘ಡ್ರೈವರ್ ಸರಿಯಿಲ್ಲ’ ಎಂದು ದೂರುವ ಮೊದಲು ಆ ಫೈಲನ್ನು ನೋಡಬೇಕು. ಮತ್ತೊಂದು ಸಂಗತಿ: ನುವೋಟಾನ್, ಐಟಿಇ ಚಿಪ್‌ಗಳ ಡ್ರೈವರ್‌ಗಳು ಒಮ್ಮೆ ಓದಿದ್ದನ್ನು ಸುಮಾರು ಒಂದೂವರೆ ಸೆಕೆಂಡು ಇಟ್ಟುಕೊಂಡು ಅದನ್ನೇ ಮತ್ತೆ ಮತ್ತೆ ಕೊಡುತ್ತವೆ. ಸೆಕೆಂಡಿಗೆ ಹತ್ತು ಸಲ ಕೇಳಿದರೆ ಗ್ರಾಫು ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಸಂವೇದಕ ಸಿಕ್ಕಿಹಾಕಿಕೊಂಡಿದೆ ಎಂದು ಅದರಿಂದ ತೀರ್ಮಾನಿಸಬಾರದು.

ಏನನ್ನೂ ಅಳೆಯದ ಅಳತೆಗಳು

ಸೂಪರ್ ಐಒ ಚಿಪ್ಪಿಗೆ ಉಷ್ಣತೆಯ ಐದಾರು ಕಾಲುಗಳಿದ್ದರೆ ತಯಾರಕರು ಎರಡು ಮೂರನ್ನು ಮಾತ್ರ ಜೋಡಿಸಿ ಉಳಿದವನ್ನು ಹಾಗೇ ಬಿಡುತ್ತಾರೆ. ಜೋಡಣೆಯಿಲ್ಲದ ಕಾಲಿನಿಂದಲೂ ಚಿಪ್ಪು ಏನೋ ಒಂದು ಸಂಖ್ಯೆ ಓದುತ್ತದೆ. ಚಿಹ್ನೆಯಿರುವ 8 ಬಿಟ್ಟಿನ ಸಂಖ್ಯೆಯ ವ್ಯಾಪ್ತಿ ಮೈನಸ್ 128ರಿಂದ 127. ಆ ತುದಿಗಳಲ್ಲಿ ಅಂಟಿಕೊಂಡು ನಿಂತ, ಅಥವಾ ಹೊರೆ ಹಾಕಿದರೂ ಇಳಿಸಿದರೂ ಅಲುಗಾಡದ ಅಳತೆಯ ಹಿಂದೆ ಸಂವೇದಕವೇ ಇಲ್ಲವೆಂದು ತಿಳಿಯಬಹುದು. ನುವೋಟಾನ್ ಬೋರ್ಡುಗಳ ಆಕ್ಸ್‌ಟಿನ್ ಎಂಬ ಸಾಲುಗಳಲ್ಲಿ ಇದು ನಿತ್ಯದ ದೃಶ್ಯ. ಪರಿಹಾರ ಸುಲಭ: ಸಂರಚನೆಯ ಫೈಲಿನಲ್ಲಿ ಆ ಸಾಲಿಗೆ ‘ಇಗ್ನೋರ್’ ಎಂದು ಬರೆದರೆ ಮತ್ತೆ ಕಾಣಿಸಿಕೊಳ್ಳುವುದಿಲ್ಲ.

ಇದಕ್ಕಿಂತ ಮೋಸದ್ದು, ಬಯಾಸ್ ಎಸಿಪಿಐ ಎಂಬ ವ್ಯವಸ್ಥೆಯ ಮೂಲಕ ಕೊಡುವ ವಲಯದ ಉಷ್ಣತೆ. ಕೆಲವು ಬೋರ್ಡುಗಳಲ್ಲಿ ಅದು ಬೆಳಗ್ಗೆಯಿಂದ ಸಂಜೆಯವರೆಗೂ 27.8 ಡಿಗ್ರಿ. ಸಂಖ್ಯೆ ನಂಬುವ ಹಾಗಿರುವುದೇ ತೊಂದರೆ. ಎಸಿಪಿಐ ಉಷ್ಣತೆಯನ್ನು ಕೆಲ್ವಿನ್ನಿನ ಹತ್ತನೇ ಒಂದು ಭಾಗದಲ್ಲಿ ಹೇಳುತ್ತದೆ. 3010ರಿಂದ 2732 ಕಳೆದು ಹತ್ತರಿಂದ ಭಾಗಿಸಿದರೆ 27.8 ಬರುತ್ತದೆ. ಅಂದರೆ ಬಯಾಸ್ ಬರೆದವರು ಅಳೆಯುವ ಗೋಜಿಗೆ ಹೋಗದೆ 301 ಕೆಲ್ವಿನ್ ಎಂದು ಬರೆದಿಟ್ಟು ಕೈತೊಳೆದುಕೊಂಡಿದ್ದಾರೆ. ಟಾಸ್ಕ್‌ಬಾರಿನಲ್ಲಿ ಉಷ್ಣತೆ ತೋರಿಸುವ ಪುಟ್ಟ ತಂತ್ರಾಂಶ ಮೊದಲು ಕಂಡ ವಲಯವನ್ನೇ ಆರಿಸಿಕೊಂಡರೆ, ಪ್ರೊಸೆಸರ್ ಕುದಿಯುತ್ತಿದ್ದರೂ ಬಳಕೆದಾರನಿಗೆ ಕಾಣುವುದು ಹಿತವಾದ 27.8.

ಎನ್‌ವಿಎಂಇ ಡಿಸ್ಕಿನ ಸಾಲಿನಲ್ಲಿ ಕೆಲವೊಮ್ಮೆ ಗರಿಷ್ಠ ಮಿತಿ 65261.8 ಡಿಗ್ರಿ, ಕನಿಷ್ಠ ಮೈನಸ್ 273.1 ಡಿಗ್ರಿ ಎಂದಿರುತ್ತದೆ. ಡಿಸ್ಕು ಮಿತಿ ನಿಗದಿ ಮಾಡಿಲ್ಲ ಎಂಬುದಷ್ಟೇ ಇದರ ಅರ್ಥ. 16 ಬಿಟ್ಟಿನಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 65535ನ್ನು ಕೆಲ್ವಿನ್ ಎಂದುಕೊಂಡು 273.15 ಕಳೆದದ್ದು ಮೊದಲನೆಯದು, ಸೊನ್ನೆಯಿಂದ ಕಳೆದದ್ದು ಎರಡನೆಯದು. ಈ ಡಿಸ್ಕುಗಳು ಉಷ್ಣತೆಯನ್ನು ಪೂರ್ಣ ಕೆಲ್ವಿನ್‌ಗಳಲ್ಲಿ ಹೇಳುವುದರಿಂದ ಅವುಗಳ ಸೆಲ್ಸಿಯಸ್ ಬೆಲೆ ಸದಾ .85ರಲ್ಲಿ ಮುಗಿಯುತ್ತದೆ, ದಶಮಾಂಶ ನೋಡಿ ನಿಖರತೆಯನ್ನು ಅಳೆಯಬಾರದು. ವೈಫೈ ಕಾರ್ಡಿನ ಸಾಲಿನಲ್ಲಿ ಅಳತೆ ಲಭ್ಯವಿಲ್ಲ ಎಂದು ಬಂದರೆ ಎಷ್ಟೋ ಸಲ ವೈಫೈ ಆಫ್ ಆಗಿದೆ ಎಂದಷ್ಟೇ ತಿಳಿಯಬೇಕು.

ಅಲಾರಂ ವಿಷಯಕ್ಕೂ ಇದೇ ಮಾತು. ಬಯಾಸ್ ಮಿತಿಗಳನ್ನು ತುಂಬದೆ ಬಿಟ್ಟಿದ್ದರೆ ಕನಿಷ್ಠ 0, ಗರಿಷ್ಠ 0 ಎಂದಿರುತ್ತದೆ. ಆಗ ಯಾವ ವೋಲ್ಟೇಜು ಬಂದರೂ ಮಿತಿ ಮೀರಿದ್ದೇ. ಸರಿಯಾದ ಮಿತಿಗಳನ್ನು ಸಂರಚನೆಯಲ್ಲಿ ಬರೆದು, ರೂಟ್ ಅಧಿಕಾರದಿಂದ ಒಮ್ಮೆ ಚಿಪ್ಪಿಗೆ ತುಂಬಿದರೆ ಕೆಂಪಕ್ಷರ ಹೋಗುತ್ತದೆ. ಪ್ರತಿ ಸಲ ಗಣಕ ಏಳುವಾಗಲೂ ಇದನ್ನು ಮಾಡಬೇಕು.

ಪ್ರೊಸೆಸರಿನ ಉಷ್ಣತೆ

ಇಂಟೆಲ್ ಪ್ರೊಸೆಸರುಗಳ ಒಳಗಿರುವ ಡಿಜಿಟಲ್ ಸಂವೇದಕ ‘ಇಷ್ಟು ಡಿಗ್ರಿ ಇದೆ’ ಎಂದು ಹೇಳುವುದೇ ಇಲ್ಲ. ಗರಿಷ್ಠ ಮಿತಿಗಿಂತ ಎಷ್ಟು ಕೆಳಗಿದೆ ಎಂದು ಹೇಳುತ್ತದೆ. ಕೋರ್‌ಟೆಂಪ್ ಡ್ರೈವರು ಆ ಅಂತರವನ್ನು ಗರಿಷ್ಠ ಮಿತಿಯಿಂದ ಕಳೆದು ನಮಗೆ ಉಷ್ಣತೆ ಕೊಡುತ್ತದೆ. ನೆಹೇಲಂ ಪೀಳಿಗೆಯಿಂದ ಈಚೆಗೆ ಮಿತಿಯನ್ನು ಪ್ರೊಸೆಸರಿನ ರಿಜಿಸ್ಟರಿನಿಂದಲೇ ಓದಬಹುದು. ಅದಕ್ಕೂ ಹಿಂದಿನ ಕೋರ್ 2, ಹಳೆಯ ಆಟಂ ಮಾದರಿಗಳಲ್ಲಿ ಡ್ರೈವರು ಮಾದರಿ ನೋಡಿ ಊಹಿಸಬೇಕಾಗಿತ್ತು. ಅಂತರ 55 ಎಂದಿರಲಿ. ಮಿತಿ 100 ಎಂದು ಹಿಡಿದರೆ 45 ಡಿಗ್ರಿ, 85 ಎಂದು ಹಿಡಿದರೆ 30 ಡಿಗ್ರಿ. ಸಂವೇದಕ ಹೇಳಿದ್ದು ಒಂದೇ, ಉತ್ತರ ಎರಡು. ಇದಕ್ಕಾಗಿಯೇ ಆ ಡ್ರೈವರಿಗೆ ಮಿತಿಯನ್ನು ಕೈಯಾರೆ ಕೊಡುವ ಆಯ್ಕೆ ಇದೆ. ಈ ಸಂವೇದಕವನ್ನು ಮಾಡಿರುವುದು ಪ್ರೊಸೆಸರನ್ನು ಸುಡದಂತೆ ಕಾಯುವುದಕ್ಕೆ. ಮಿತಿಯ ಹತ್ತಿರ ಅದು ಚೆನ್ನಾಗಿ ಅಳೆಯುತ್ತದೆ. ಗಣಕ ಸುಮ್ಮನಿರುವಾಗ, ಅಂದರೆ ಮಿತಿಯಿಂದ ದೂರವಿರುವಾಗ, ಕೆಲವು ಡಿಗ್ರಿ ಆಚೀಚೆ ಆಗುವುದು ಸಹಜ. ನಾಲ್ಕು ಕೋರ್‌ಗಳಲ್ಲಿ ಒಂದು ಮಾತ್ರ ಐದಾರು ಡಿಗ್ರಿ ತಂಪಾಗಿ ಕಂಡರೆ ಥರ್ಮಲ್ ಪೇಸ್ಟ್ ಕೆರೆದು ಮತ್ತೆ ಹಚ್ಚುವ ಅವಸರ ಬೇಡ.

ಎಎಂಡಿಯ ಕಥೆ ಇನ್ನೂ ಸ್ವಾರಸ್ಯದ್ದು. 2017ರಲ್ಲಿ ರೈಜನ್ 7 1800ಎಕ್ಸ್, 1700ಎಕ್ಸ್ ಬಂದಾಗ ಅವು ನಿಜವಾದ ಉಷ್ಣತೆಗಿಂತ 20 ಡಿಗ್ರಿ ಹೆಚ್ಚು ತೋರಿಸುತ್ತಿದ್ದವು. ಅದು ಉದ್ದೇಶಪೂರ್ವಕವೆಂದು ಎಎಂಡಿ ವಿವರಿಸಿತು: ಎಲ್ಲ ಮಾದರಿಗಳಿಗೂ ಒಂದೇ ಫ್ಯಾನ್ ನೀತಿ ಸಾಗಲಿ ಎಂದು, ಫ್ಯಾನನ್ನು ನಿಯಂತ್ರಿಸುವ ಸಂಖ್ಯೆಗೆ ಕೆಲವು ಮಾದರಿಗಳಲ್ಲಿ ಬೇಕೆಂತಲೇ ಒಂದಿಷ್ಟು ಸೇರಿಸಿತ್ತು. 2700ಎಕ್ಸ್‌ನಲ್ಲಿ ಇದು 10 ಡಿಗ್ರಿ, ಥ್ರೆಡ್‌ರಿಪ್ಪರ್ 1950ಎಕ್ಸ್‌ನಲ್ಲಿ 27 ಡಿಗ್ರಿ. ಲಿನಕ್ಸ್‌ನ ಕೆ10ಟೆಂಪ್ ಡ್ರೈವರು ಈ ವ್ಯತ್ಯಾಸಗಳ ಪಟ್ಟಿ ಇಟ್ಟುಕೊಂಡು, ತಿಳಿದ ಮಾದರಿಗಳಲ್ಲಿ ಟಿಸಿಟಿಎಲ್ ಎಂಬ ನಿಯಂತ್ರಣದ ಸಂಖ್ಯೆಯ ಜೊತೆಗೆ ಟಿಡೈ ಎಂಬ ನಿಜವಾದ ಉಷ್ಣತೆಯನ್ನೂ ತೋರಿಸುತ್ತದೆ. ಹಳೆಯ ಕರ್ನಲಿನಲ್ಲಿ ಈ ಪಟ್ಟಿ ಇರುವುದಿಲ್ಲ. ಹೊಸ ಪ್ರೊಸೆಸರನ್ನು ಹಳೆಯ ಕರ್ನಲಿನೊಂದಿಗೆ ಓಡಿಸುವವರು ಮೊದಲು ಕರ್ನಲನ್ನೇ ಹೊಸದು ಮಾಡಬೇಕು. ರೈಜನ್ನಿನ ಉಷ್ಣತೆ ಒಂದು ಸೆಕೆಂಡಿನಲ್ಲಿ ಹತ್ತು ಡಿಗ್ರಿ ನೆಗೆಯುವುದನ್ನೂ ದೋಷವೆಂದು ತಿಳಿಯುವವರಿದ್ದಾರೆ. ಒಂದು ಕೋರ್ ಕ್ಷಣಕಾಲ ವೇಗ ಹೆಚ್ಚಿಸಿಕೊಂಡಾಗ ಸಿಲಿಕಾನಿನ ಆ ಚೂರು ನಿಜವಾಗಿಯೂ ಅಷ್ಟು ಬಿಸಿಯಾಗುತ್ತದೆ.

ಸಂವೇದಕವೇ ಕೆಟ್ಟದ್ದಾಗಿದ್ದ ಪ್ರಸಂಗವೂ ಇದೇ ಡ್ರೈವರಿನಲ್ಲಿ ದಾಖಲಾಗಿದೆ. ಸಾಕೆಟ್ ಎಫ್ ಮತ್ತು ಎಎಂ2+ ಸಾಕೆಟ್ಟಿನ, 10ಎಚ್ ಕುಟುಂಬದ ಪ್ರೊಸೆಸರುಗಳ ಉಷ್ಣತೆಯ ಅಳತೆ ನಂಬಲರ್ಹವಲ್ಲ ಎಂದು ಎಎಂಡಿ ತನ್ನ 319ನೇ ತಿದ್ದೋಲೆಯಲ್ಲಿ ಒಪ್ಪಿಕೊಂಡಿತು. ಅಲ್ಲಿ ಕೆ10ಟೆಂಪ್ ಡ್ರೈವರು ಕೆಲಸ ಮಾಡಲು ನಿರಾಕರಿಸುತ್ತದೆ. ಬಳಕೆದಾರ ಒತ್ತಾಯದ ಆಯ್ಕೆ ಕೊಟ್ಟರೆ ಮಾತ್ರ ಓದುತ್ತದೆ. 2020ರಲ್ಲಿ ಇದೇ ಡ್ರೈವರಿಗೆ ರೈಜನ್ ಪೀಳಿಗೆಯ ವೋಲ್ಟೇಜು, ಕರೆಂಟುಗಳನ್ನು ತೋರಿಸುವ ಸೌಲಭ್ಯ ಸೇರಿತು, ಹೆಚ್ಚು ಕಾಲ ಉಳಿಯಲಿಲ್ಲ. ಓದುವ ವಿಧಾನಕ್ಕೆ ದಾಖಲೆಯಿಲ್ಲ, ಅದು ಮಾದರಿಯಿಂದ ಮಾದರಿಗೆ ಬದಲಾಗುತ್ತದೆ, ಕಚ್ಚಾ ಸಂಖ್ಯೆಗೆ ತಾಳೆ ಹಾಕುವ ಮಾಹಿತಿಯೂ ಇಲ್ಲ ಎಂಬ ಕಾರಣ ಕೊಟ್ಟು ಅದನ್ನು ತೆಗೆದುಹಾಕಿದರು. ತಪ್ಪು ಸಂಖ್ಯೆ ತೋರಿಸುವುದಕ್ಕಿಂತ ತೋರಿಸದಿರುವುದೇ ಮೇಲೆಂಬ ಈ ನಿಲುವು ಬಳಕೆದಾರರಿಗೆ ಹಿಡಿಸದಿದ್ದರೂ ಕರ್ನಲ್ ತಂಡದವರು ಮಾಡಿದ್ದು ಸರಿ.

ಅಳತೆ ತಪ್ಪಾದರೆ ಪ್ರೊಸೆಸರ್ ಸುಟ್ಟುಹೋದೀತೆಂಬ ಭಯ ಬೇಡ. ಬಿಸಿ ಮಿತಿ ಮೀರಿದಾಗ ವೇಗ ತಗ್ಗಿಸುವ, ಕೊನೆಗೆ ವಿದ್ಯುತ್ತನ್ನೇ ಕಡಿಯುವ ವ್ಯವಸ್ಥೆ ಪ್ರೊಸೆಸರಿನೊಳಗೇ ಇದೆ. ಲಿನಕ್ಸ್ ಏನು ಓದಿತು ಎಂಬುದನ್ನು ಅದು ಕೇಳುವುದಿಲ್ಲ. ಇಂಟೆಲ್ ಗಣಕದಲ್ಲಿ ಹೀಗೆ ವೇಗ ತಗ್ಗಿದ ಸಲಗಳ ಲೆಕ್ಕವನ್ನು ಕರ್ನಲ್ ಪ್ರತಿ ಕೋರಿಗೂ ಇಟ್ಟಿರುತ್ತದೆ. 95 ಡಿಗ್ರಿ ನಿಜವೋ ಸುಳ್ಳೋ ಎಂಬ ಅನುಮಾನ ಬಂದಾಗ ಈ ಲೆಕ್ಕ ಒಳ್ಳೆಯ ಸಾಕ್ಷಿ: ಅದು ಏರುತ್ತಿದ್ದರೆ ಬಿಸಿ ನಿಜ. ಎಎಂಡಿ ಗ್ರಾಫಿಕ್ಸ್ ಕಾರ್ಡುಗಳ ಜಂಕ್ಷನ್ ಎಂಬ ಸಾಲು ಹೊರೆಯಲ್ಲಿ 110 ಡಿಗ್ರಿವರೆಗೆ ಹೋಗಬಹುದೆಂದು ಕಂಪನಿಯೇ ಹೇಳಿದೆ. ದೊಡ್ಡ ಸಂಖ್ಯೆಯಾದ ಮಾತ್ರಕ್ಕೆ ಸುಳ್ಳಾಗಬೇಕಿಲ್ಲ.

ವೋಲ್ಟೇಜಿನ ಲೆಕ್ಕ

ಚಿಪ್ಪಿನೊಳಗಿನ ಅಳತೆಯಂತ್ರ 12 ವೋಲ್ಟನ್ನು ತಡೆಯಲಾರದು. ಹಳೆಯ ವಿನ್‌ಬಾಂಡ್, ಐಟಿಇ ಚಿಪ್‌ಗಳು 16 ಮಿಲಿವೋಲ್ಟ್ ಹೆಜ್ಜೆಯಲ್ಲಿ ಸುಮಾರು 4.08 ವೋಲ್ಟ್‌ವರೆಗೆ, ಹೊಸ ನುವೋಟಾನ್ ಚಿಪ್‌ಗಳು 8 ಮಿಲಿವೋಲ್ಟ್ ಹೆಜ್ಜೆಯಲ್ಲಿ ಸುಮಾರು 2.04 ವೋಲ್ಟ್‌ವರೆಗೆ ಅಳೆಯಬಲ್ಲವು. ಆದ್ದರಿಂದ ಬೋರ್ಡಿನ ಮೇಲೆ ಎರಡು ರೆಸಿಸ್ಟರ್ ಹಾಕಿ ವೋಲ್ಟೇಜನ್ನು ಇಳಿಸಿ ಚಿಪ್ಪಿಗೆ ಕೊಡುತ್ತಾರೆ. ಮೇಲಿನದು 28 ಕಿಲೋ ಓಮ್, ಕೆಳಗಿನದು 10 ಕಿಲೋ ಓಮ್ ಇದ್ದರೆ 12 ವೋಲ್ಟ್ 3.8ರಿಂದ ಭಾಗವಾಗಿ ಕಾಲಿನ ಮೇಲೆ 3.16 ಆಗುತ್ತದೆ. ಸೆನ್ಸರ್ಸ್ ಆಜ್ಞೆ 3.16 ಎಂದು ತೋರಿಸಿದರೆ ಅದು ಸುಳ್ಳಲ್ಲ, ಕಾಲಿನ ಮೇಲಿರುವುದೇ ಅಷ್ಟು. ಸಂರಚನೆಯಲ್ಲಿ ‘ಕಂಪ್ಯೂಟ್’ ಸಾಲು ಬರೆದು 3.8ರಿಂದ ಗುಣಿಸುವಂತೆ ಹೇಳಬೇಕು. ಮಿತಿಗಳನ್ನು ಚಿಪ್ಪಿಗೆ ಬರೆಯುವಾಗ ತಿರುಗುಮುರುಗಾಗಿ ಭಾಗಿಸುವುದಕ್ಕೆ ಅದೇ ಸಾಲಿನಲ್ಲಿ ಎರಡನೆಯ ಸೂತ್ರವೂ ಬೇಕು.

ರೆಸಿಸ್ಟರಿನ ಬೆಲೆ ಗೊತ್ತಿಲ್ಲದಿದ್ದರೆ? ಎಲ್‌ಎಂ-ಸೆನ್ಸರ್ಸ್ ಯೋಜನೆಯಲ್ಲಿ ಕೆಲವು ಬೋರ್ಡುಗಳಿಗೆ ಸಿದ್ಧ ಫೈಲುಗಳಿವೆ. ಅಲ್ಲಿ ಸಿಗದಿದ್ದರೆ ಮಲ್ಟಿಮೀಟರ್ ತೆಗೆಯಬೇಕು. ಬಿಡುವಾಗಿರುವ ವಿದ್ಯುತ್ ಕನೆಕ್ಟರಿನ ಹಳದಿ ತಂತಿಯಲ್ಲಿ 12 ವೋಲ್ಟ್, ಕೆಂಪಿನಲ್ಲಿ 5 ವೋಲ್ಟ್, ಕಪ್ಪು ಗ್ರೌಂಡ್. ಹಳದಿಯಲ್ಲಿ 12.08 ಬಂದು, ಸೆನ್ಸರ್ಸ್ ತೋರಿಸುವ ಸಾಲುಗಳ ಪೈಕಿ ಒಂದರಲ್ಲಿ 1.01 ಇದ್ದರೆ, ಆ ಸಾಲು 12 ವೋಲ್ಟಿನದ್ದೆಂದೂ ಗುಣಕ 12ಕ್ಕೆ ಹತ್ತಿರವೆಂದೂ ಊಹಿಸಬಹುದು. ಆದರೆ ಒಂದೇ ಅಳತೆಯಿಂದ ತೃಪ್ತಿಪಡಬಾರದು. ಗ್ರಾಫಿಕ್ಸ್ ಕಾರ್ಡಿಗೆ ಹೊರೆ ಹಾಕಿ 12 ವೋಲ್ಟಿನ ಲೈನು ಸ್ವಲ್ಪ ಇಳಿಯುವಂತೆ ಮಾಡಿ, ಮೀಟರು ಮತ್ತು ಪರದೆ ಎರಡೂ ಒಟ್ಟಿಗೆ ಇಳಿಯುತ್ತವೆಯೇ ಎಂದು ನೋಡಬೇಕು. ಎಟಿಎಕ್ಸ್ ನಿಯಮದ ಪ್ರಕಾರ 12 ವೋಲ್ಟಿನ ಲೈನು 11.40ರಿಂದ 12.60ರೊಳಗೆ, 5 ವೋಲ್ಟಿನದು 4.75ರಿಂದ 5.25ರೊಳಗೆ ಇರಬೇಕು. ಪರದೆಯಲ್ಲಿ 10.6 ಎಂದು ಕಂಡು ಗಣಕ ಸರಾಗವಾಗಿ ನಡೆಯುತ್ತಿದ್ದರೆ, ಪವರ್ ಸಪ್ಲೈ ಬದಲಿಸುವ ಮುಂಚೆ ಗುಣಕವನ್ನು ಅನುಮಾನಿಸುವುದು ಜಾಣತನ. ಮೀಟರಿನಲ್ಲೂ 10.6 ಬಂದರೆ ಮಾತು ಬೇರೆ.

ಉಷ್ಣತೆಯಲ್ಲೂ ಇಂಥದೇ ಗೊಂದಲ ಆಗುತ್ತದೆ. ಕಾಲಿಗೆ ಜೋಡಿಸಿರುವುದು ಥರ್ಮಿಸ್ಟರೋ ಡಯೋಡೋ ಎಂಬುದನ್ನು ಚಿಪ್ಪಿಗೆ ಬಯಾಸ್ ತಿಳಿಸಬೇಕು. ತಪ್ಪು ತಿಳಿಸಿದರೆ ಬಿಸಿಯಾದಾಗ ಅಳತೆ ಏರುತ್ತದೆ, ತಣ್ಣಗಾದಾಗ ಇಳಿಯುತ್ತದೆ, ಪ್ರಮಾಣ ಮಾತ್ರ ತಾಳೆಯಾಗುವುದಿಲ್ಲ. ಕೆಲವು ಡ್ರೈವರ್‌ಗಳಲ್ಲಿ ಸಂವೇದಕದ ಬಗೆಯನ್ನು ಒಂದು ಫೈಲಿಗೆ ಬರೆದು ಬದಲಾಯಿಸಬಹುದು: 3 ಎಂದರೆ ಡಯೋಡ್, 4 ಎಂದರೆ ಥರ್ಮಿಸ್ಟರ್.

ತಿರುಗುವ ಫ್ಯಾನು, ಸೊನ್ನೆಯ ವೇಗ

ಫ್ಯಾನು ಒಂದು ಸುತ್ತಿಗೆ ಸಾಮಾನ್ಯವಾಗಿ ಎರಡು ಮಿಡಿತ ಕಳಿಸುತ್ತದೆ. ಹಳೆಯ ಚಿಪ್‌ಗಳು ಮಿಡಿತಗಳನ್ನು ಎಣಿಸುವುದಿಲ್ಲ, ಎರಡು ಮಿಡಿತಗಳ ನಡುವಿನ ಹೊತ್ತನ್ನು ಎಣಿಸುತ್ತವೆ. ಎಣಿಕೆಗೆ ಇರುವುದು 8 ಬಿಟ್; ಎಣಿಸುವ ಗಡಿಯಾರವನ್ನು ನಿಧಾನಿಸುವ ಭಾಜಕಕ್ಕೆ ಡಿವೈಸರ್ ಎನ್ನುತ್ತಾರೆ. ಲೆಕ್ಕ ಹೀಗೆ: 13,50,000ವನ್ನು ಎಣಿಕೆ ಮತ್ತು ಡಿವೈಸರ್‌ಗಳ ಗುಣಲಬ್ಧದಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಸುತ್ತೆಂದು ಬರುತ್ತದೆ. ಡಿವೈಸರ್ 2 ಇದ್ದು ಎಣಿಕೆ 254ಕ್ಕೆ ಮುಟ್ಟಿದರೆ ವೇಗ ಸುಮಾರು 2657. ಅದಕ್ಕಿಂತ ನಿಧಾನವಾದ ಫ್ಯಾನಿನಲ್ಲಿ ಎಣಿಕೆ ತುಂಬಿ ಹರಿಯುತ್ತದೆ, ಅಳತೆ ಸೊನ್ನೆ. ಸದ್ದಿಲ್ಲದ ದೊಡ್ಡ ಫ್ಯಾನುಗಳು ನಿಮಿಷಕ್ಕೆ 800 ಸುತ್ತು ತಿರುಗುವುದೇ ಹೆಚ್ಚು. ಡಿವೈಸರನ್ನು 8 ಮಾಡಿದರೆ ಸುಮಾರು 664ರವರೆಗೆ ಅಳೆಯಬಹುದು. ವೇಗದ ಫ್ಯಾನಿನ ಅಳತೆ ಆಗ ಒರಟಾಗುತ್ತದೆ. ಹೊಸ ಚಿಪ್‌ಗಳಲ್ಲಿ ಎಣಿಕೆಯ ಅಗಲ ಹೆಚ್ಚಿರುವುದರಿಂದ ಈ ತಾಪತ್ರಯ ಇಲ್ಲ. ವೇಗ ಇಮ್ಮಡಿ ಅಥವಾ ಅರ್ಧ ತೋರಿಸಿದರೆ ಸುತ್ತಿಗೆ ಎಷ್ಟು ಮಿಡಿತ ಎಂಬ ಊಹೆ ತಪ್ಪಿದೆ.

ಮೂರು ತಂತಿಯ ಫ್ಯಾನಿಗೆ ವಿದ್ಯುತ್ತನ್ನು ತುಂಡು ತುಂಡಾಗಿ ಕೊಟ್ಟು (ಪಿಡಬ್ಲ್ಯೂಎಂ ಕ್ರಮ) ವೇಗ ತಗ್ಗಿಸಿದರೆ ಮಿಡಿತದ ಸಂಕೇತವೂ ತುಂಡಾಗುತ್ತದೆ. ಆಗ ವೇಗ 300, 4000, 0 ಎಂದು ಕುಣಿಯುತ್ತದೆ. ಬಯಾಸ್‌ನಲ್ಲಿ ಆ ಕನೆಕ್ಟರನ್ನು ಪಿಡಬ್ಲ್ಯೂಎಂನಿಂದ ಡಿಸಿ ಕ್ರಮಕ್ಕೆ ಬದಲಿಸಿದರೆ ಸರಿಹೋಗುತ್ತದೆ. ಗ್ರಾಫಿಕ್ಸ್ ಕಾರ್ಡಿನ ಫ್ಯಾನು ಸೊನ್ನೆ ತೋರಿಸಿದಾಗ ಮಾತ್ರ ಒಮ್ಮೆ ಬಗ್ಗಿ ನೋಡುವುದು ಲೇಸು, ಹೊರೆಯಿಲ್ಲದಾಗ ಅದು ನಿಜವಾಗಿಯೂ ನಿಂತಿರುತ್ತದೆ.

ಒಂದೇ ಚಿಪ್ಪಿಗೆ ಇಬ್ಬರು ಯಜಮಾನರು

ಹೆಚ್ಚು ಹೊತ್ತು ಸರಿಯಾಗಿದ್ದು ಯಾವಾಗಲೋ ಒಮ್ಮೆ ಹುಚ್ಚು ಸಂಖ್ಯೆ ಬರುವ ದೋಷವನ್ನು ಹಿಡಿಯುವುದು ಎಲ್ಲಕ್ಕಿಂತ ಕಷ್ಟ. ಸೂಪರ್ ಐಒ ಚಿಪ್ಪನ್ನು ಓದುವುದು ಎರಡು ಹೆಜ್ಜೆಯ ಕೆಲಸ: ಮೊದಲು ಒಂದು ಪೋರ್ಟಿಗೆ ರಿಜಿಸ್ಟರಿನ ಸಂಖ್ಯೆ ಬರೆಯಬೇಕು, ಆಮೇಲೆ ಮುಂದಿನ ಪೋರ್ಟಿನಿಂದ ಬೆಲೆ ಓದಬೇಕು. ಬಯಾಸ್‌ನ ಎಸಿಪಿಐ ಸಂಕೇತವೂ ಅದೇ ಚಿಪ್ಪನ್ನು ಅದೇ ಪೋರ್ಟುಗಳಿಂದ ಓದುತ್ತಿರುತ್ತದೆ. ಡ್ರೈವರ್ ಸಂಖ್ಯೆ ಬರೆದು ಬೆಲೆ ಓದುವಷ್ಟರಲ್ಲಿ ಬಯಾಸ್ ನಡುವೆ ನುಗ್ಗಿ ಬೇರೆ ಸಂಖ್ಯೆ ಬರೆದುಬಿಟ್ಟರೆ, ಗುಮಾಸ್ತ ತೆರೆದಿಟ್ಟ ಲೆಡ್ಜರಿನ ಪುಟವನ್ನು ಇನ್ನೊಬ್ಬ ಮಗುಚಿ ಹೋದಂತಾಗುತ್ತದೆ. ಅವನು ಓದುವುದು ಬೇರೊಬ್ಬರ ಖಾತೆಯ ಮೊತ್ತ. ಓದಿಗಿಂತ ಬರಹದ ವೇಳೆ ಹೀಗಾದರೆ ಅಪಾಯ ಹೆಚ್ಚು, ಫ್ಯಾನಿನ ವೇಗದ ಬೆಲೆ ಇನ್ನಾವುದೋ ರಿಜಿಸ್ಟರಿಗೆ ಹೋಗಿ ಬೀಳಬಹುದು.

ಇದನ್ನು ತಪ್ಪಿಸಲೆಂದು ಕರ್ನಲ್, ಎಸಿಪಿಐ ತನ್ನದೆಂದು ಹೇಳಿಕೊಂಡ ಪೋರ್ಟುಗಳನ್ನು ಡ್ರೈವರಿಗೆ ಬಿಟ್ಟುಕೊಡುವುದಿಲ್ಲ. ಕರ್ನಲಿನ ದಿನಚರಿಯಲ್ಲಿ ಸಂಪನ್ಮೂಲ ಘರ್ಷಣೆ ಎಂಬ ಎಚ್ಚರಿಕೆ ಕಾಣುತ್ತದೆ, ಸೆನ್ಸರ್ಸ್ ಆಜ್ಞೆಯಲ್ಲಿ ಬೋರ್ಡಿನ ಸಾಲುಗಳೇ ಇರುವುದಿಲ್ಲ. ಬೂಟ್ ಆಗುವಾಗ ಎಸಿಪಿಐ ಎನ್‌ಫೋರ್ಸ್ ರಿಸೋರ್ಸಸ್ ಆಯ್ಕೆಯನ್ನು ‘ಲ್ಯಾಕ್ಸ್’ ಮಾಡಿದರೆ ಬಾಗಿಲು ತೆರೆಯುತ್ತದೆ. ಇಂಟರ್‌ನೆಟ್ಟಿನಲ್ಲಿ ಈ ಸಲಹೆ ಹೇರಳವಾಗಿ ಸಿಗುತ್ತದೆ, ಅದರ ಬೆಲೆಯನ್ನು ಹೇಳುವವರು ಕಡಿಮೆ. ಅದಕ್ಕೆ ಮುಂಚೆ ಬೋರ್ಡ್ ತಯಾರಕರೇ ಬಿಟ್ಟಿರುವ ದಾರಿ ಇದೆಯೇ ಎಂದು ನೋಡಬೇಕು. ಆಸುಸ್ ಬೋರ್ಡುಗಳಿಗೆ ಎಟಿಕೆ0110, ಇಸಿ ಸೆನ್ಸರ್ಸ್ ಡ್ರೈವರ್‌ಗಳು, ಗಿಗಾಬೈಟ್ ಬೋರ್ಡುಗಳಿಗೆ ಡಬ್ಲ್ಯೂಎಂಐ ಡ್ರೈವರು ಇದೇ ಉದ್ದೇಶಕ್ಕೆ ಹುಟ್ಟಿಕೊಂಡವು. ಇವು ಬಯಾಸ್‌ನ ಅಥವಾ ಬೋರ್ಡಿನ ನಿಯಂತ್ರಕದ ಮೂಲಕವೇ ಕೇಳುವುದರಿಂದ ಜಗಳವಿಲ್ಲ.

ಅಳೆಯುವುದರಿಂದಲೇ ಆಗುವ ತೊಂದರೆ

ಸಂವೇದಕಗಳನ್ನು ಹುಡುಕುವ ಸೆನ್ಸರ್ಸ್-ಡಿಟೆಕ್ಟ್ ಸ್ಕ್ರಿಪ್ಟು ಪ್ರಶ್ನೆ ಕೇಳುತ್ತಾ ಹೋಗುತ್ತದೆ. ಅದು ಸೂಚಿಸುವ ಉತ್ತರಕ್ಕೇ ಎಂಟರ್ ಒತ್ತುವುದು ಕ್ಷೇಮ. ಈ ಎಚ್ಚರಿಕೆಯ ಹಿಂದೆ ಕಹಿ ಇತಿಹಾಸವಿದೆ. ಐಬಿಎಂನ ಕೆಲವು ಹಳೆಯ ಥಿಂಕ್‌ಪ್ಯಾಡ್‌ಗಳಲ್ಲಿ ಅಟ್ಮೆಲ್ 24ಆರ್‌ಎಫ್08 ಎಂಬ ಸ್ಮೃತಿ ಚಿಪ್ಪಿತ್ತು. ಚಿಪ್‌ಗಳು ಮಾತಾಡಿಕೊಳ್ಳುವ ತಂತಿಗಳ, ಅಂದರೆ ಬಸ್ಸಿನ, ಮೇಲೆ ಯಾರಿದ್ದಾರೆಂದು ಸ್ಕ್ರಿಪ್ಟು ಕೂಗಿ ನೋಡಿದಾಗ ಆ ಚಿಪ್ಪಿನ ಮಾಹಿತಿ ಕೆಟ್ಟು, ಲ್ಯಾಪ್‌ಟಾಪು ಮತ್ತೆ ಏಳದಂತಾಗುತ್ತಿತ್ತು. ಆಮೇಲೆ ಐಬಿಎಂ ಯಂತ್ರಗಳಲ್ಲಿ ಆ ಬಸ್ಸಿನ ಡ್ರೈವರನ್ನೇ ತಡೆಯಬೇಕಾಯಿತು.

ಈಗಿನ ಉದಾಹರಣೆಗಳು ಇಷ್ಟು ಘೋರವಲ್ಲ. ಡಿಸ್ಕಿನ ಉಷ್ಣತೆ ಓದುವ ಡ್ರೈವ್‌ಟೆಂಪ್ 2020ರಲ್ಲಿ ಲಿನಕ್ಸ್ 5.6ರೊಂದಿಗೆ ಕರ್ನಲಿಗೆ ಬಂತು. ಕೆಲವು ಡಿಸ್ಕುಗಳಲ್ಲಿ ಪ್ರತಿ ಓದೂ ನಿದ್ರೆಯ ಗಡಿಯಾರವನ್ನು ಹಿಂದಕ್ಕೆ ಹಾಕುತ್ತದೆ, ಡಿಸ್ಕು ಮಲಗುವುದೇ ಇಲ್ಲ. ಡೆಲ್‌ನ ಕೆಲವು ಲ್ಯಾಪ್‌ಟಾಪುಗಳಲ್ಲಿ ಫ್ಯಾನಿನ ಬಗೆಯನ್ನು ಬಯಾಸ್ ಮೂಲಕ ಕೇಳಿದರೆ ಫ್ಯಾನಿನ ವೇಗ ತಾನಾಗಿ ಏರಿಳಿಯುತ್ತದೆ. ಅಂಥ ಮಾದರಿಗಳ ಪಟ್ಟಿಯನ್ನು ಕರ್ನಲ್ ಇಟ್ಟುಕೊಂಡಿದೆ. ಸಂವೇದಕ ಓದುವ ತಂತ್ರಾಂಶವನ್ನು ನಿಲ್ಲಿಸಿದ ಕೂಡಲೇ ಸಮಸ್ಯೆ ನಿಂತರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ.

ಹಿಂದೆ ಎಲ್ಲರಿಗೂ ಓದಲು ಸಿಗುತ್ತಿದ್ದ ಪ್ರೊಸೆಸರಿನ ವಿದ್ಯುತ್ ಬಳಕೆಯ ಲೆಕ್ಕ ಈಗ ರೂಟ್‌ಗೆ ಮಾತ್ರ ಸಿಗುವುದಕ್ಕೂ ಕಾರಣವಿದೆ. ಆ ಲೆಕ್ಕದ ಏರಿಳಿತದಿಂದ ಗುಪ್ತ ಕೀಲಿಗಳನ್ನು ಊಹಿಸಬಹುದೆಂದು ಆಸ್ಟ್ರಿಯಾದ ಗ್ರಾಟ್ಸ್ ತಾಂತ್ರಿಕ ವಿಶ್ವವಿದ್ಯಾಲಯದವರೂ ಅವರ ಸಹಸಂಶೋಧಕರೂ 2020ರ ನವೆಂಬರಿನಲ್ಲಿ ಪ್ಲಾಟಿಪಸ್ ಎಂಬ ಹೆಸರಿನಲ್ಲಿ ತೋರಿಸಿಕೊಟ್ಟರು.

ಪತ್ತೆಯ ಕ್ರಮ

ಮೊದಲು ಕೊಠಡಿಯ ಉಷ್ಣತೆ ನೋಡಬೇಕು. ಗಾಳಿಯಿಂದ ತಣಿಸುವ ಯಾವ ಭಾಗವೂ ಸುತ್ತಲಿನ ಗಾಳಿಗಿಂತ ತಣ್ಣಗಿರಲಾರದು. ಏಪ್ರಿಲ್ ತಿಂಗಳಲ್ಲಿ ಕಲಬುರಗಿಯಲ್ಲೋ ರಾಯಚೂರಿನಲ್ಲೋ ಕೋಣೆಯೇ 38 ಡಿಗ್ರಿ ಇರುವಾಗ ಪ್ರೊಸೆಸರು 31 ಎಂದರೆ ಅದು ಸುಳ್ಳೆಂದು ಹೇಳಲು ಬೇರೆ ಉಪಕರಣ ಬೇಕಿಲ್ಲ. ಗಣಕವನ್ನು ರಾತ್ರಿಯಿಡೀ ಆರಿಸಿಟ್ಟು ಬೆಳಗ್ಗೆ ಹಾಕಿದ ತಕ್ಷಣ ಓದಿದರೆ ಎಲ್ಲ ಸಂವೇದಕಗಳೂ ಕೋಣೆಯ ಉಷ್ಣತೆಯ ಆಸುಪಾಸಿನಲ್ಲಿರಬೇಕು. ದೂರ ಇರುವುದನ್ನು ಗುರುತು ಹಾಕಿಕೊಳ್ಳಬೇಕು.

ಆಮೇಲೆ ಬಯಾಸ್ ಪರದೆಯ ಅಳತೆಯೊಂದಿಗೆ ಹೋಲಿಕೆ. ಬಯಾಸ್‌ನಲ್ಲಿ ಪ್ರೊಸೆಸರು ವಿದ್ಯುತ್ ಉಳಿತಾಯದ ಸ್ಥಿತಿಗೆ ಸರಿಯಾಗಿ ಹೋಗದಿರುವುದರಿಂದ ಅಲ್ಲಿ ಉಷ್ಣತೆ ಕೆಲವು ಡಿಗ್ರಿ ಹೆಚ್ಚೇ ಇರುತ್ತದೆ. ವೋಲ್ಟೇಜುಗಳಿಗೆ ಮಾತ್ರ ಈ ಹೋಲಿಕೆ ಹೆಚ್ಚು ನಂಬಿಕೆಯದು. ಮೂರನೆಯದಾಗಿ ಸ್ಟ್ರೆಸ್-ಎನ್‌ಜಿಯಂಥ ತಂತ್ರಾಂಶದಿಂದ ಎಲ್ಲ ಕೋರ್‌ಗಳಿಗೂ ಹೊರೆ ಹಾಕಿ ಸಾಲುಗಳನ್ನು ಗಮನಿಸಬೇಕು. ಪ್ರೊಸೆಸರಿನೊಳಗಿನ ಸಂವೇದಕ ಸೆಕೆಂಡುಗಳಲ್ಲಿ ಏರುತ್ತದೆ, ಸಾಕೆಟ್ಟಿನ ಬಳಿಯ ಥರ್ಮಿಸ್ಟರು ನಿಧಾನವಾಗಿ ಹಿಂಬಾಲಿಸುತ್ತದೆ, ಬೋರ್ಡಿನದು ನಿಮಿಷಗಳಾದ ಮೇಲೆ ಕದಲುತ್ತದೆ. ಹೆಸರಿಲ್ಲದ ಸಾಲು ಯಾವುದರದ್ದೆಂದು ಗುರುತಿಸಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಅನುಮಾನ ಇನ್ನೂ ಉಳಿದರೆ ಸೆನ್ಸರ್ಸ್ ಆಜ್ಞೆಯನ್ನು ಕಚ್ಚಾ ರೂಪದಲ್ಲಿ ಓಡಿಸಿ, ಕರ್ನಲ್ ಫೈಲಿನ ಸಂಖ್ಯೆಯೊಂದಿಗೆ ತಾಳೆ ನೋಡಬೇಕು. ಎರಡೂ ಬೇರೆಯಾದರೆ ತಪ್ಪು ಸಂರಚನೆಯಲ್ಲಿ. ಒಂದೇ ಆಗಿದ್ದರೆ ಡ್ರೈವರಿನಲ್ಲೋ ಅದರ ಕೆಳಗೋ.

ನಿನ್ನೆಯವರೆಗೆ ಸರಿಯಿದ್ದದ್ದು ಕರ್ನಲ್ ಹೊಸದಾದ ಮೇಲೆ ಕೆಟ್ಟರೆ ಎಚ್‌ಡಬ್ಲ್ಯೂಮಾನ್ ಕ್ರಮಸಂಖ್ಯೆ ಬದಲಾಗಿರುವ ಸಂಭವ ಹೆಚ್ಚು. ಡ್ರೈವರ್‌ಗಳು ಏಳುವ ಸರದಿ ಬದಲಾದರೆ ನಿನ್ನೆ 2 ಆಗಿದ್ದ ಪ್ರೊಸೆಸರು ಇಂದು 3, ಅದರ ಜಾಗದಲ್ಲಿ ಡಿಸ್ಕು. ಸ್ಕ್ರಿಪ್ಟಿನಲ್ಲಿ ಸಂಖ್ಯೆಯನ್ನೇ ಬರೆದಿಟ್ಟಿದ್ದರೆ ಫ್ಯಾನು ಇನ್ನುಮುಂದೆ ಡಿಸ್ಕಿನ ಉಷ್ಣತೆ ನೋಡಿ ಓಡುತ್ತದೆ. ಪ್ರತಿ ಫೋಲ್ಡರಿನಲ್ಲೂ ಇರುವ ಹೆಸರಿನ ಫೈಲನ್ನು ಓದಿ ಆರಿಸಿಕೊಳ್ಳುವುದು ಸರಿಯಾದ ಕ್ರಮ. ಫ್ಯಾನ್‌ಕಂಟ್ರೋಲ್ ತಂತ್ರಾಂಶ ಈ ಹೆಸರುಗಳನ್ನು ತಾನೇ ತಾಳೆ ನೋಡಿ, ಹೊಂದದಿದ್ದರೆ ಓಡಲು ಒಪ್ಪುವುದಿಲ್ಲ.

ಹೊರಗಿನಿಂದ ಜೋಡಿಸಿದ ಸಂವೇದಕಗಳು

ರಾಸ್ಪ್‌ಬೆರಿ ಪೈಯಂಥ ಪುಟ್ಟ ಗಣಕಗಳಿಗೆ ಜನ ತಾವೇ ಸಂವೇದಕ ಜೋಡಿಸಿಕೊಳ್ಳುತ್ತಾರೆ. ಇಲ್ಲಿ ಮೊದಲು ನೋಡಬೇಕಾದದ್ದು ವಿದ್ಯುತ್ತು: ಪೈಗೆ ಬರುವ ವೋಲ್ಟೇಜು ಸುಮಾರು 4.63ಕ್ಕಿಂತ ಕೆಳಗಿಳಿದರೆ ಕರ್ನಲಿನ ದಿನಚರಿಯಲ್ಲಿ ಎಚ್ಚರಿಕೆ ಬೀಳುತ್ತದೆ, ಆಗ ಉಳಿದ ಅಳತೆಗಳನ್ನು ಚರ್ಚಿಸುವುದೇ ವ್ಯರ್ಥ.

ಡಿಎಸ್18ಬಿ20 ಉಷ್ಣತಾ ಸಂವೇದಕ ನಡುನಡುವೆ ಸರಿಯಾಗಿ 85 ಡಿಗ್ರಿ ತೋರಿಸುವುದು ಪ್ರಸಿದ್ಧ ಸಮಸ್ಯೆ. ವಿದ್ಯುತ್ ಬಂದ ಕೂಡಲೇ, ಇನ್ನೂ ಅಳೆಯುವ ಮುಂಚೆ, ಅದರ ರಿಜಿಸ್ಟರಿನಲ್ಲಿರುವ ಆರಂಭದ ಬೆಲೆಯೇ 85. 12 ಬಿಟ್ಟಿನ ಅಳತೆಗೆ ಅದಕ್ಕೆ 750 ಮಿಲಿಸೆಕೆಂಡು ಬೇಕು. ಆ ನಡುವೆ ವಿದ್ಯುತ್ತು ಕ್ಷಣ ಕಡಿದರೆ ಅಳತೆ ಅಳಿದು 85 ಮಾತ್ರ ಉಳಿಯುತ್ತದೆ. ಲಿನಕ್ಸ್ ಫೈಲಿನ ಮೊದಲ ಸಾಲಿನಲ್ಲಿ ದೋಷಪರೀಕ್ಷೆ ಸರಿಯಾಗಿದೆ ಎಂದೇ ಇರುತ್ತದೆ, ಏಕೆಂದರೆ ತಂತಿಯ ಮೇಲೆ ಸಂಖ್ಯೆ ಕೆಡದೆ ಬಂದಿದೆ. ಎರಡೇ ತಂತಿಯಲ್ಲಿ ಜೋಡಿಸಿದವರು ಮೂರನೆಯ ವಿದ್ಯುತ್ ತಂತಿ ಕೊಟ್ಟು, 4.7 ಕಿಲೋ ಓಮ್ ಪುಲ್‌ಅಪ್ ರೆಸಿಸ್ಟರ್ ಇದೆಯೇ ಎಂದು ನೋಡಿದರೆ ಬಹುಪಾಲು ಸರಿಹೋಗುತ್ತದೆ. ರೆಸಿಸ್ಟರೇ ಇಲ್ಲದಿದ್ದರೆ 00ಯಿಂದ ಶುರುವಾಗುವ, ಇಲ್ಲದ ಸಂವೇದಕಗಳ ವಿಳಾಸಗಳು ಪಟ್ಟಿಯಲ್ಲಿ ಹುಟ್ಟಿಕೊಳ್ಳುತ್ತವೆ.

ತೇವಾಂಶ ಅಳೆಯುವ ಡಿಎಚ್‌ಟಿ22ರ ತೊಂದರೆ ಲಿನಕ್ಸ್‌ನ ಸ್ವಭಾವದಲ್ಲೇ ಇದೆ. ಅದು 0 ಮತ್ತು 1ನ್ನು ಮಿಡಿತದ ಉದ್ದದಿಂದ ಹೇಳುತ್ತದೆ: ಸುಮಾರು 27 ಮೈಕ್ರೋಸೆಕೆಂಡು ಇದ್ದರೆ 0, 70 ಇದ್ದರೆ 1. ಹತ್ತಾರು ಕೆಲಸಗಳ ನಡುವೆ ಇರುವ ಕರ್ನಲ್ ಕೆಲವು ಮಿಡಿತಗಳನ್ನು ತಡವಾಗಿ ನೋಡುತ್ತದೆ, ಮೊತ್ತದ ಪರೀಕ್ಷೆ ತಪ್ಪುತ್ತದೆ, ಡ್ರೈವರು ಸಂಖ್ಯೆಯ ಬದಲು ದೋಷ ಸಂದೇಶ ಕೊಡುತ್ತದೆ. ಎರಡು ಸೆಕೆಂಡು ಬಿಟ್ಟು ಮತ್ತೆ ಕೇಳಬೇಕು. ಅದಕ್ಕಿಂತ ಬೇಗ ಕೇಳಿದರೆ ಸಂವೇದಕವೇ ಸಿದ್ಧವಿರುವುದಿಲ್ಲ. ಪದೇ ಪದೇ ಹೀಗಾಗುವ ಕಡೆ ಐ2ಸಿ ಬಸ್ಸಿನ ಮೇಲೆ ಮಾತಾಡುವ ಬಿಎಂಇ280ಯಂಥ ಸಂವೇದಕ ಹಾಕಿಕೊಳ್ಳುವುದು ವಾಸಿ; ಅಲ್ಲಿ ಗಡಿಯಾರದ ತಂತಿ ಬೇರೆಯೇ ಇರುವುದರಿಂದ ಕರ್ನಲ್ ತಡ ಮಾಡಿದರೂ ಬಿಟ್ಟುಗಳು ಕೆಡುವುದಿಲ್ಲ.